ವಿಸರ್ಜನೆಯ ತನಕ ಮುಟ್ಟುವ ಹಾಗಿಲ್ಲ

ದಸರಾ ರಜೆ ಶುರುವಾಗುವ ದಿನ ಶಾಲೆಯ ಗೇಟಿನ ಮುಂದೆ ನಿಂತ ತಾಯಂದಿರ ಮುಖ ನೋಡಬೇಕು. ಮಕ್ಕಳು ಕುಣಿಯುತ್ತ ಹೊರಗೆ ಬರುತ್ತಾರೆ. ನಾವು ಒಬ್ಬರನ್ನೊಬ್ಬರು ನೋಡಿ ಸುಮ್ಮನೆ ನಗುತ್ತೇವೆ. ಊರಿಗೆಲ್ಲ ದೀಪಾಲಂಕಾರ, ನಮಗೆ ಮಾತ್ರ ಕಣ್ಣು ಕತ್ತಲೆ. ನನಗೆ ಇಬ್ಬರು ಗಂಡುಮಕ್ಕಳು. ದೊಡ್ಡವನು ಎರಡನೇ ತರಗತಿ, ಚಿಕ್ಕವನು ಯುಕೆಜಿ. ಒಬ್ಬೊಬ್ಬರಾಗಿ ಸಿಕ್ಕರೆ ಇಬ್ಬರೂ ಸಾಧುಗಳು. ಜೊತೆಯಾದರೆ ದಟ್ಟಗಳ್ಳಿಯ ನಮ್ಮ ಬೀದಿಯ ನಾಯಿಗಳೂ ಎದ್ದು ಜಾಗ ಬಿಡುತ್ತವೆ.

ಈ ಸಲದ ರಜೆಯಲ್ಲಿ ನನಗೆ ಬೇಕಾಗಿದ್ದದ್ದು ಒಂದೇ ಒಂದು ಗಂಟೆ. ದೊಡ್ಡವನು ಹುಟ್ಟುವಾಗ ಕೆಲಸ ಬಿಟ್ಟವಳು, ಮತ್ತೆ ಏನಾದರೂ ಮಾಡಬೇಕೆಂದು ಎಲ್ಲೆಲ್ಲಿಗೋ ಅರ್ಜಿ ಹಾಕಿ ಹಾಕಿ ಸಾಕಾಗಿ ಕುಳಿತಿದ್ದಾಗ ದೆಹಲಿಯ ಒಂದು ಕಂಪನಿ ಕರೆದಿತ್ತು. ಇಂಗ್ಲಿಷಿನಿಂದ ಕನ್ನಡಕ್ಕೆ ಅನುವಾದ ಮಾಡುವ ಕೆಲಸ, ಮನೆಯಲ್ಲೇ ಕುಳಿತು ಮಾಡಬಹುದು. ಸಂದರ್ಶನ ಲ್ಯಾಪ್‌ಟಾಪಿನಲ್ಲಿ, ಆಯುಧ ಪೂಜೆಯ ದಿನ ಬೆಳಿಗ್ಗೆ ಹನ್ನೊಂದಕ್ಕೆ. ಆ ದಿನ ಮೈಸೂರಿನಲ್ಲಿ ಸೈಕಲ್ಲಿನಿಂದ ಹಿಡಿದು ಬುಲ್ಡೋಜರಿನ ತನಕ ಎಲ್ಲವೂ ಹೂ ಮುಡಿದು ನಿಂತಿರುತ್ತವೆ ಎಂದು ದೆಹಲಿಯವರಿಗೆ ಯಾರು ಹೇಳಬೇಕು? ನಾನಂತೂ ಹೇಳಲಿಲ್ಲ. ಬೇರೆ ದಿನ ಕೇಳಿದರೆ ಕೆಲಸವೇ ಕೈತಪ್ಪೀತು ಎಂಬ ಭಯ. ಅಷ್ಟೊಂದು ಬೇಕಾಗಿತ್ತು ನನಗೆ ಅದು.

ನನ್ನ ತಯಾರಿಯೆಲ್ಲ ಬಚ್ಚಲುಮನೆಯಲ್ಲಿ ನಡೆಯಿತು. ಮಕ್ಕಳ ಕೈಗೆ ಎಟುಕದ ಚಿಲಕ ಇರುವುದು ಅಲ್ಲೊಂದೇ ಕಡೆ. ಬಕೆಟ್ ಬೋರಲು ಹಾಕಿ ಕುಳಿತು ಇಂಗ್ಲಿಷಿನಲ್ಲಿ ನನ್ನ ಗುಣಗಾನ ಮಾಡಿಕೊಳ್ಳುತ್ತಿದ್ದರೆ ಬಾಗಿಲ ಕೆಳಗಿನ ಸಂದಿಯಿಂದ ನಾಲ್ಕು ಬೆರಳು ಒಳಗೆ ಬರುತ್ತಿದ್ದವು. ಒಳಗೆ ಯಾರ ಜೊತೆ ಮಾತಾಡುತ್ತಿದ್ದೀಯ ಎಂಬ ವಿಚಾರಣೆ ಬೇರೆ. ಹೊರಗೆ ಬಂದರೆ ಇನ್ನೊಂದು ಅವತಾರ. ದಸರಾ ಆನೆಗಳ ತಾಲೀಮು ತೋರಿಸಿಕೊಂಡು ಬಂದದ್ದೇ ತಪ್ಪಾಯಿತು. ದೊಡ್ಡವನು ಮಾವುತನಾದ, ಚಿಕ್ಕವನು ಆನೆ. ಆನೆ ಬಕೆಟ್ಟಿನ ನೀರನ್ನು ಮೂಗಿನಿಂದ ಎಳೆದು, ಕೆಮ್ಮಿ, ಕಣ್ಣು ಕೆಂಪಗೆ ಮಾಡಿಕೊಂಡು, ಬೆನ್ನು ತಟ್ಟಿಸಿಕೊಂಡು ಮತ್ತೆ ಬಕೆಟ್ಟಿಗೇ ಹೋಗುತ್ತಿತ್ತು.

ನಮ್ಮ ಜೊತೆಯಲ್ಲೇ ಇರುವ ನಮ್ಮತ್ತೆ ನಡುಮನೆಯಲ್ಲಿ ಗೊಂಬೆ ಕೂರಿಸಿದ್ದರು. ಬೆಳಗಾಗುವಷ್ಟರಲ್ಲಿ ಪಟ್ಟದ ರಾಜ ಆಟಿಕೆಯ ಜೆಸಿಬಿ ಏರಿರುತ್ತಿದ್ದ, ರಾಣಿ ಪ್ಲಾಸ್ಟಿಕ್ ಡೈನೋಸಾರಿನ ಹಿಂದೆ ಸಾಲಿನಲ್ಲಿ ನಿಂತಿರುತ್ತಿದ್ದಳು. ಅತ್ತೆ ಒಂದೊಂದನ್ನೂ ಮತ್ತೆ ಜೋಡಿಸುತ್ತಿದ್ದರು. ಅವರ ತಾಳ್ಮೆ ನೋಡಿದರೆ ನನಗೆ ಇನ್ನಷ್ಟು ಸಿಟ್ಟು ಬರುತ್ತಿತ್ತು.

ಆದರೆ ಶಾಸ್ತ್ರದ ವಿಷಯದಲ್ಲಿ ಅತ್ತೆ ಒಂದಿಷ್ಟೂ ಬಿಡುವವರಲ್ಲ. ಪೂಜೆಗೆ ಇಟ್ಟ ವಸ್ತುವನ್ನು ವಿಜಯದಶಮಿಯ ದಿನ ವಿಸರ್ಜನೆ ಆಗುವ ತನಕ ಮುಟ್ಟುವ ಹಾಗಿಲ್ಲ. ಈ ನಿಯಮ ನಮ್ಮ ದೊಡ್ಡವನಿಗೆ ಹಬ್ಬದೂಟಕ್ಕಿಂತ ರುಚಿಸಿತು. ಸರಸ್ವತಿ ಪೂಜೆಗೆ ಒಂದು ಪುಸ್ತಕ ಇಡು ಎಂದರೆ ಬ್ಯಾಗನ್ನೇ ತಂದಿಟ್ಟ. ರಜೆಯ ಹೋಮ್‌ವರ್ಕ್ ದೇವರ ಪಾಲಾಯಿತು. ಚಿಕ್ಕವನಿಗೂ ಅದರ ಬಲ ತಿಳಿಯಿತು. ಒಂದು ದಿನ ಎಣ್ಣೆಸ್ನಾನಕ್ಕೆ ಕರೆದರೆ ಪುಸ್ತಕಗಳ ಪಕ್ಕ ಹೋಗಿ ಚಕ್ಕಳಮಕ್ಕಳ ಹಾಕಿ ಕುಳಿತು, ಹಣೆಗೆ ತಾನೇ ಕುಂಕುಮ ಬಳಿದುಕೊಂಡು, ತನ್ನನ್ನು ಪೂಜೆಗೆ ಇಟ್ಟಾಗಿದೆ ಎಂದು ತಿಳಿಸಿದ. ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ನನಗೆ ನಗು ಬರಲಿಲ್ಲ.

ಆಯುಧ ಪೂಜೆಯ ದಿನ ನನ್ನ ಗಂಡ ಬೆಳಿಗ್ಗೆಯೇ ಬೂದುಗುಂಬಳಕಾಯಿ ಹಿಡಿದು ಕಡಕೊಳದ ಫ್ಯಾಕ್ಟರಿಗೆ ಹೊರಟರು. ಅಲ್ಲಿ ಮೆಷಿನ್ನುಗಳ ಪೂಜೆ. ಹತ್ತು ಗಂಟೆಗೆಲ್ಲ ಬಂದು ಮಕ್ಕಳನ್ನು ನೋಡಿಕೊಳ್ಳುತ್ತೇನೆ ಎಂದಿದ್ದರು. ಹತ್ತಾಯಿತು, ಹತ್ತೂವರೆಯಾಯಿತು, ಫೋನ್ ಎತ್ತಲಿಲ್ಲ. ನಾನು ಸ್ನಾನ ಮಾಡಿ, ಒಳ್ಳೆಯ ಸೀರೆಯುಟ್ಟು ನಡುಮನೆಗೆ ಬಂದೆ. ಮಂಗಳಾರತಿ ಮುಗಿದಿತ್ತು. ಸಾಲಾಗಿ ಈಳಿಗೆಮಣೆ, ಕತ್ತರಿ, ಮಿಕ್ಸಿ, ಕ್ರಿಕೆಟ್ ಬ್ಯಾಟು, ಟಿವಿ ರಿಮೋಟು. ಎಲ್ಲಕ್ಕೂ ಮುಂದೆ, ಮಣೆಯ ಮೇಲೆ, ಸೇವಂತಿಗೆ ಹಾರ ಹಾಕಿಸಿಕೊಂಡು, ಅರಿಶಿನ ಕುಂಕುಮ ಹಚ್ಚಿಸಿಕೊಂಡು ಕುಳಿತಿತ್ತು ನನ್ನ ಲ್ಯಾಪ್‌ಟಾಪು.

ಮಕ್ಕಳು ತಂದು ಇಟ್ಟಿದ್ದರು, ಅತ್ತೆ ಮುಂದಿನ ಜಾಗ ಕೊಟ್ಟಿದ್ದರು. ಸಂದರ್ಶನದ ಮಾತು ಅವರಿಗೆ ಗೊತ್ತಿತ್ತು. ಅದು ಫೋನಿನಲ್ಲಿ ನಡೆಯುತ್ತದೆ ಎಂದುಕೊಂಡಿದ್ದರಂತೆ. ನನ್ನ ಫೋನಿನಲ್ಲಿ ಉಳಿದಿದ್ದ ಚೂರು ಚಾರ್ಜನ್ನೂ ನಾನು ಸ್ನಾನಕ್ಕೆ ಹೋದಾಗ ಮಕ್ಕಳು ಆಟ ಆಡಿ ಮುಗಿಸಿದ್ದರು. ನನ್ನ ಮುಖ ನೋಡಿ ಅತ್ತೆ ಗಾಬರಿಯಾದರು.

“ನಿನ್ನ ಆಯುಧ ಅದೇ ಅಲ್ವೇನಮ್ಮ? ಅದಕ್ಕೇ ಮೊದಲು ಪೂಜೆ ಮಾಡ್ದೆ” ಎಂದರು.

ಬೇರೆ ದಿನವಾಗಿದ್ದರೆ ಆ ಮಾತಿಗೆ ಅವರ ಕಾಲಿಗೆ ಬೀಳುತ್ತಿದ್ದೆ. ಆಗ ಗಡಿಯಾರ ಒಂದೇ ಕಣ್ಣಿಗೆ ಕಾಣುತ್ತಿತ್ತು. ಅತ್ತೆ, ಜಾಗ ಬಿಟ್ಟು ಕದಲಿಸಬೇಡ, ಅದು ಕೂತಲ್ಲೇ ತೆರೆದುಕೋ ಎಂದು ದಾರಿ ಮಾಡಿಕೊಟ್ಟರು. ಮಕ್ಕಳನ್ನು ಅಡುಗೆಮನೆಗೆ ಎಳೆದುಕೊಂಡು ಹೋಗಿ ಕೈಗೆ ಕೋಡುಬಳೆ ಕೊಟ್ಟರು.

ನೆಲದ ಮೇಲೆ ಕುಳಿತು ಹಾರವನ್ನು ಪಕ್ಕಕ್ಕೆ ಸರಿಸಿ ತೆರೆದೆ. ಕ್ಯಾಮೆರಾದ ಮೇಲೆ ಕುಂಕುಮ ಮೆತ್ತಿತ್ತು. ಒರೆಸಿದಷ್ಟೂ ಹರಡಿಕೊಂಡು, ಪರದೆಯಲ್ಲಿ ನನ್ನ ಮುಖ ಉರಿಯುವ ಕೆಂಡದಂತೆ ಕಾಣುತ್ತಿತ್ತು. ಆ ಕಡೆ ಒಬ್ಬ ಹೆಂಗಸು, ಒಬ್ಬ ಗಂಡಸು. ಆದರೂ ಚೆನ್ನಾಗಿಯೇ ಶುರುವಾಯಿತು. ಬಚ್ಚಲಲ್ಲಿ ಕಲಿತದ್ದೆಲ್ಲ ಬಾಯಿಗೆ ಬಂತು. ಕೊಟ್ಟ ಪ್ಯಾರಾ ಅನುವಾದಿಸಿ ಓದಿದೆ. ಮನೆಯಲ್ಲಿ ಯಾವ ಅಡಚಣೆಯೂ ಇಲ್ಲದೆ ದಿನವೆಲ್ಲ ಕುಳಿತು ಕೆಲಸ ಮಾಡಲು ಸಾಧ್ಯವೇ ಎಂದು ಆ ಹೆಂಗಸು ಕೇಳಿದರು. ಖಂಡಿತ ಸಾಧ್ಯ ಎಂದೆ.

ಹಾಗೆನ್ನುತ್ತಿದ್ದಂತೆ ನನ್ನ ಹಣೆಯ ಮೇಲೆ ಏನೋ ತಣ್ಣಗೆ ಹತ್ತಿತು. ಹಿಂದಿನಿಂದ ಬಂದ ದೊಡ್ಡವನು ಹಿಡಿಯಷ್ಟು ಕುಂಕುಮ ಕಲಸಿ ಬಳಿದಿದ್ದ. ತಲೆಯ ಮೇಲೆ ಅಕ್ಷತೆ ಬಿತ್ತು, ಕಿವಿಯ ಪಕ್ಕದಲ್ಲೇ ಗಂಟೆ ಮೊಳಗಿತು. ಚಿಕ್ಕವನು ಪರದೆಗೆ ಮುಖವಿಟ್ಟು ಅವರಿಗೆ ಗಂಭೀರವಾಗಿ ಹೇಳಿದ:

“ನಮ್ಮಮ್ಮನ್ನ ಪೂಜೆಗೆ ಇಟ್ಟಾಯ್ತು. ಇನ್ನು ನೀವು ಮುಟ್ಟೋ ಹಾಗಿಲ್ಲ.”

ಅವನು ಏನು ಹೇಳಿದ ಎಂದು ಆ ಹೆಂಗಸು ನಗುತ್ತ ಕೇಳಿದರು. ಅನುವಾದದ ಕೆಲಸಕ್ಕೆ ಬಂದವಳು ಅನುವಾದಿಸದೆ ಇರಲಾದೀತೇ? ಅನುವಾದಿಸಿದೆ. ಇಂಗ್ಲಿಷಿನಲ್ಲಿ ಅದಕ್ಕೆ ತಲೆಯೂ ಇರಲಿಲ್ಲ, ಬಾಲವೂ ಇರಲಿಲ್ಲ. ವಿವರಿಸಲು ಹೋಗಿ ಈಳಿಗೆಮಣೆಯಿಂದ ಶುರುಮಾಡಿದೆ. ಆ ಗಂಡಸು ವಾಚು ನೋಡಿಕೊಂಡರು.

ಸಂಜೆ ಫೋನಿಗೆ ಮೇಲ್ ಬಂತು. ನನ್ನ ಅನುವಾದ ಮೆಚ್ಚುಗೆಯಾಯಿತಂತೆ. ಆದರೆ ಅಡಚಣೆಯಿಲ್ಲದೆ ಕೆಲಸ ಮಾಡಬಲ್ಲವರನ್ನು ಅವರು ಹುಡುಕುತ್ತಿದ್ದರಂತೆ. ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ ಅಳುತ್ತ ಕುಳಿತೆ. ಮಕ್ಕಳ ಮೇಲೆ ಎಷ್ಟು ಸಿಟ್ಟಿತ್ತೆಂದರೆ ಅವರ ದನಿ ಕೇಳಿದರೂ ಮೈ ಉರಿಯುತ್ತಿತ್ತು. ಹೆತ್ತವಳು ಹೀಗೆ ಹೇಳಬಾರದು, ಆದರೆ ಇದ್ದದ್ದು ಹಾಗೆಯೇ. ಬಾಗಿಲ ಸಂದಿಯಿಂದ ನಾಲ್ಕು ಬೆರಳು ಒಳಗೆ ಬಂದವು. ಬೆರಳಲ್ಲಿ ಅರ್ಧ ಕಚ್ಚಿದ ಕೋಡುಬಳೆ ಇತ್ತು. ನಾನು ತೆಗೆದುಕೊಳ್ಳಲಿಲ್ಲ. ಕೆಲಸ ಸಿಗಲಿಲ್ಲವೆಂದು ಯಾರಿಗೂ ಹೇಳಲೂ ಇಲ್ಲ.

ಮರುದಿನ ವಿಜಯದಶಮಿ. ಹಿಂದಿನ ದಿನ ಹತ್ತಕ್ಕೆ ಬರುವ ಮಾತು ತಪ್ಪಿಸಿದ್ದ ನನ್ನ ಗಂಡ ಅಪರಾಧಿಯ ಮುಖ ಹೊತ್ತು ಹೂ ತರಲು ಹೋಗಿದ್ದರು. ಅತ್ತೆ ಮಂತ್ರ ಹೇಳಿಕೊಂಡು ಪೂಜೆಗೆ ಇಟ್ಟ ಒಂದೊಂದು ವಸ್ತುವನ್ನೂ ಉತ್ತರದ ಕಡೆಗೆ ಚೂರು ಸರಿಸುತ್ತ ಬಂದರು. ಹಾಗೆ ಸರಿಸಿದರೆ ವಿಸರ್ಜನೆಯಾಯಿತು, ಇನ್ನು ಬಳಸಬಹುದು ಎಂದರ್ಥ. ಬ್ಯಾಟು ಸರಿಯಿತು, ರಿಮೋಟು ಸರಿಯಿತು, ಲ್ಯಾಪ್‌ಟಾಪೂ ಸರಿಯಿತು.

“ಅಜ್ಜಿ, ಅಮ್ಮನ್ನ ಇನ್ನೂ ಸರಿಸಿಲ್ಲ” ಎಂದ ದೊಡ್ಡವನು.

ಇಬ್ಬರೂ ನನ್ನ ಸೊಂಟಕ್ಕೆ ಕೈಯಿಟ್ಟು ಉತ್ತರಕ್ಕೆ ತಳ್ಳತೊಡಗಿದರು. ಚಿಕ್ಕವನ ಮುಖ ಅಳುವ ಹಾಗಾಗಿತ್ತು.

“ಈಗ ಹೋಗ್ಬೋದು ಕಣಮ್ಮ, ಕೆಲ್ಸಕ್ಕೆ” ಎಂದ.

ನಮ್ಮ ಮನೆಯಲ್ಲಿ ಉತ್ತರಕ್ಕೆ ಇರುವುದು ಅಡುಗೆಮನೆ. ತಳ್ಳಿಸಿಕೊಂಡು ಅದರ ಬಾಗಿಲ ತನಕ ಹೋದೆ. ಹೊಸಿಲ ಮುಂದೆ ನಿಂತಾಗ ತಡೆಯಲಾಗಲಿಲ್ಲ, ಎಲ್ಲರೆದುರೇ ಅತ್ತುಬಿಟ್ಟೆ. ಏನಾಯಿತೆಂದು ಅತ್ತೆ ಕೇಳಲಿಲ್ಲ. ನಿನ್ನೆಯೇ ಅವರಿಗೆ ಗೊತ್ತಾಗಿತ್ತೋ ಏನೋ. ಮಂಡಿ ಹಿಡಿದುಕೊಂಡು ಎದ್ದು ಬಂದು, ನನ್ನನ್ನು ದಾಟಿ ಅಡುಗೆಮನೆಯೊಳಗೆ ಹೋದರು.

“ಈ ಕಡೆ ಅಲ್ಲ ಕಣ್ರೋ. ಲ್ಯಾಪ್‌ಟಾಪ್ ಇರೋ ಕಡೆ ತಳ್ಳಿ. ಅಡುಗೆ ನಾನು ನೋಡ್ಕೋತೀನಿ” ಎಂದರು.

ಹುಡುಗರು ನನ್ನನ್ನು ಗಾಡಿಯ ಹಾಗೆ ಹಿಂದಕ್ಕೆ ತಿರುಗಿಸಿಕೊಂಡು ಮತ್ತೆ ತಳ್ಳಿದರು.