ಚಮಚದಲ್ಲಿ ಬಂದ ಹಸಿರು ಗುಂಡು

ಸಿಂಗಪುರದ ಈ ದುಬಾರಿ ಸ್ಪ್ಯಾನಿಷ್ ರೆಸ್ಟೋರೆಂಟಿನಲ್ಲಿ ಊಟವೆಂದರೆ ತಾಪಾಸ್. ಅಂಗೈಯಗಲದ ತಟ್ಟೆಗಳು ಒಂದರ ಹಿಂದೊಂದು ಬರುತ್ತವೆ.

"ನಮ್ಮ ಮೈಸೂರಲ್ಲಿ ಉಪ್ಪಿನಕಾಯಿನೇ ಇದಕ್ಕಿಂತ ಜಾಸ್ತಿ ಬಡಿಸ್ತಾರೆ ಕಣೋ," ಎಂದ ಸುರೇಶ. ಅವನು ನನ್ನ ಕಾಲೇಜಿನ ಗೆಳೆಯ, ಚಾಂಗಿ ಬಿಸಿನೆಸ್ ಪಾರ್ಕಿನಲ್ಲಿ ಕೆಲಸ. ಗಂಟಲಿನ ಕ್ಯಾನ್ಸರಿಗೆ ರೇಡಿಯೇಷನ್ ಆದಮೇಲೆ ಅವನ ನಾಲಿಗೆಗೆ ಯಾವ ರುಚಿಯೂ ತಿಳಿಯುತ್ತಿಲ್ಲ. ವರ್ಷದೊಳಗೆ ಮರಳಬಹುದು ಎಂದು ಡಾಕ್ಟರು ಹೇಳಿದ್ದರು. ವರ್ಷ ಕಳೆದಿದೆ. ಹೊಸದೇನಾದರೂ ತಿಂದರೆ ನಾಲಿಗೆ ಎಚ್ಚರಗೊಂಡೀತೆಂದು ಅವನ ಹೆಂಡತಿ ವೀಣಾ ಈ ಟೇಬಲ್ ಬುಕ್ ಮಾಡಿದ್ದಳು.

ಆಫೀಸಿನಿಂದ ಫೋನ್ ಬಂದು ಅವನು ಹೊರಗೆ ಹೋಗಿದ್ದಾಗ ಮೂರು ಚಮಚಗಳು ಬಂದವು. ಒಂದೊಂದರಲ್ಲೂ ಹಸಿರು ದ್ರಾಕ್ಷಿಯಂಥ ಒಂದು ಗುಂಡು. ಆಲಿವ್ ಕಾಯಿಯ ರಸಕ್ಕೇ ತೆಳುವಾದ ಪೊರೆ ಕಟ್ಟಿಸಿದ್ದೇವೆ ಎಂದು ವೇಟರ್ ವಿವರಿಸಿದ. ನಾನೂ ವೀಣಾಳೂ ಬಾಯಿಗಿಟ್ಟೆವು. ಕಚ್ಚುವ ಮೊದಲೇ ಅದು ಒಡೆದು ನೀರಾಯಿತು. ಬರೀ ಉಪ್ಪು, ಕೊನೆಯಲ್ಲಿ ತುಸು ಕಹಿ.

ಸುರೇಶ ವಾಪಸ್ ಬಂದು ತನ್ನ ಪಾಲಿನದನ್ನು ನುಂಗಿದ. ವೀಣಾ ಅವನ ಮುಖವನ್ನೇ ನೋಡುತ್ತಿದ್ದಳು. ಅವನು ಕಣ್ಣರಳಿಸಿದ.

"ಏಯ್, ಗೊತ್ತಾಯ್ತು ಕಣೇ! ದ್ರಾಕ್ಷಿ ಅಲ್ವಾ? ಎಷ್ಟು ಸಿಹಿ ಇದೆ!"

ವೀಣಾ ನನ್ನ ಕಡೆ ತಿರುಗಲಿಲ್ಲ. ಒಂದು ಗುಟುಕು ನೀರು ಕುಡಿದು ಗ್ಲಾಸನ್ನು ಕೆಳಗಿಟ್ಟಳು.

"ಹೂಂ ರೀ, ತುಂಬಾ ಸಿಹಿ," ಎಂದಳು. "ಇನ್ನೊಂದು ತರಿಸ್ಲಾ?"