ಬೆನ್ನು ತಿರುಗಿಸಿ ನಿಂತ ಹೆಂಗಸು

ನನ್ನ ಕಣ್ಣಿನ ನಡುಭಾಗ ಹೋಗಿದೆ, ಅಂಚು ಉಳಿದಿದೆ. ಡಾಕ್ಟರು ಅದಕ್ಕೊಂದು ಉದ್ದನೆಯ ಹೆಸರು ಹೇಳಿದರು. ನಾನು ಥ್ಯಾಂಕ್ ಯೂ ಅಂದು ಎದ್ದು ಬಂದೆ. ಎದುರಿಗೆ ಕೂತವರ ಮುಖ ಕಾಣುವುದಿಲ್ಲ, ಕಿವಿಯೋಲೆ ಕಾಣುತ್ತದೆ. ಪುಸ್ತಕ ಹಿಡಿದರೆ ಅಕ್ಷರ ಇರಬೇಕಾದಲ್ಲಿ ಬೂದಿ ಬಣ್ಣದ ಮಚ್ಚೆ. ಇಷ್ಟು ವರ್ಷ ಇಂಗ್ಲಿಷ್ ಕಾದಂಬರಿಗಳ ಆಸರೆಯಲ್ಲೇ ದಿನ ದೂಡಿದವಳು ನಾನು.

ಇಂಥ ಕಣ್ಣಿಟ್ಟುಕೊಂಡು ನಾನು ಒಂದು ಜಪಾನಿ ಸಿನಿಮಾ ನೋಡಿದೆ. ಮನುಷ್ಯರು ನಟಿಸಿದ್ದಲ್ಲ, ಕೈಯಿಂದ ಬರೆದ ಚಿತ್ರಗಳು ಓಡಾಡುವಂಥದ್ದು. ತೋರಿಸಿದವಳು ನನ್ನ ಮೈದುನನ ಮೊಮ್ಮಗಳು, ಜಾಲಹಳ್ಳಿಯ ಹುಡುಗಿ. ರಾಯಚೂರಿನಲ್ಲಿ ಡಿಗ್ರಿ ಓದಲು ಬಂದು ನನ್ನ ಜೊತೆಗಿದ್ದಳು. ಕೈಗೆ ಸಿಕ್ಕಿದ್ದರ ಮೇಲೆಲ್ಲ ಚಿತ್ರ ತೆಗೆಯುವುದು ಆಕೆಯ ಚಟ. ಕ್ಯಾಲೆಂಡರಿನ ಬೆನ್ನು, ಮಾತ್ರೆಯ ಡಬ್ಬಿ, ಮದುವೆ ಕಾರ್ಡು. ಒಮ್ಮೆ ನನ್ನ ಕಣ್ಣಿನ ಸ್ಕ್ಯಾನ್ ಇಟ್ಟಿದ್ದ ಲಕೋಟೆಯ ಮೇಲೆ ನಮ್ಮ ಓಣಿಯ ಎಮ್ಮೆಯನ್ನು ತೆಗೆದಿದ್ದಳು. ಡಾಕ್ಟರು ಸ್ಕ್ಯಾನ್ ಬಿಟ್ಟು ಅದನ್ನೇ ನೋಡುತ್ತ ಕೂತರು.

ಸಿನಿಮಾದ ಪೆನ್ ಡ್ರೈವ್ ಕೊಟ್ಟವನು ಸ್ಟೇಷನ್ ರೋಡಿನ ಫ್ಲೆಕ್ಸ್ ಅಂಗಡಿಯಲ್ಲಿ ಕಂಪ್ಯೂಟರಿಗೆ ಕೂರುವ ಹುಡುಗ. ಕಾಲೇಜಿನ ಗ್ಯಾದರಿಂಗಿಗೆ ಬ್ಯಾನರ್ ಮಾಡಿಸಲು ಹೋದಾಗ ಪರಿಚಯವಂತೆ. ಹೆಚ್ಚಿಗೆ ನಾನು ಕೇಳಲಿಲ್ಲ.

ಮಾತೆಲ್ಲ ಜಪಾನಿಯಲ್ಲಿ, ಕೆಳಗೆ ಇಂಗ್ಲಿಷ್ ಸಬ್‌ಟೈಟಲ್. ಹುಡುಗಿ ಓದಿದ್ದು ಕನ್ನಡ ಮೀಡಿಯಮ್. ಅಕ್ಷರ ಓದುತ್ತಾಳೆ, ಅರ್ಥ ಅರ್ಧಂಬರ್ಧ. ನನಗೆ ಅರ್ಥ ಗೊತ್ತು, ಅಕ್ಷರ ಕಾಣುವುದಿಲ್ಲ. ಹಾಗಾಗಿ ಆಕೆ ಸಿನಿಮಾ ನಿಲ್ಲಿಸಿ ಸಾಲು ಓದುವುದು, ನಾನು ಕನ್ನಡದಲ್ಲಿ ಹೇಳುವುದು, ಆಕೆ ಹೂಂ ಅಂದು ಮುಂದಕ್ಕೆ ಬಿಡುವುದು. ಮಧ್ಯಾಹ್ನ ಊಟ ಆದ ಮೇಲೆ ಕಿಟಕಿಗೆ ಒದ್ದೆ ಸೀರೆ ಕಟ್ಟಿ, ಕೂಲರ್ ಹಾಕಿಕೊಂಡು ಆಕೆಯ ಲ್ಯಾಪ್‌ಟಾಪ್ ಮುಂದೆ ಕೂರುತ್ತಿದ್ದೆವು. ಕರೆಂಟು ಹೋಗಿ ಕೂಲರ್ ನಿಂತರೆ ಆವತ್ತಿಗೆ ಅಲ್ಲಿಗೇ ಮುಗಿಯಿತು. ಮಂದಿ ಒಂದು ಸಂಜೆಯಲ್ಲಿ ನೋಡಿ ಏಳುವ ಸಿನಿಮಾ ನಮಗೆ ಬೇಸಿಗೆ ಪೂರ್ತಿ ಬಂತು.

ಕಥೆ ದೊಡ್ಡದೇನಲ್ಲ. ಗುಡ್ಡದ ಮೇಲೊಂದು ಊರು. ಅಲ್ಲಿ ಹೈಸ್ಕೂಲಿನ ಹುಡುಗಿಯೊಬ್ಬಳು ಚಿತ್ರ ತೆಗೆಯುತ್ತಾಳೆ, ಯಾರಿಗೂ ತೋರಿಸುವುದಿಲ್ಲ. ಮನೆಮನೆಗೆ ಹಾಲು ಹಾಕುವ ಹುಡುಗನೊಬ್ಬ ಸೈಕಲ್ ತುಳಿಯುತ್ತ ರಾಗ ಕಟ್ಟುತ್ತಾನೆ. ಆಕೆಯ ಚಿತ್ರಕ್ಕೆ ತನ್ನ ರಾಗ ಸೇರಿಸಿ ಒಂದು ಪುಟ್ಟ ಫಿಲ್ಮ್ ಮಾಡೋಣ ಅಂತ ಕೇಳಬೇಕು ಅವನಿಗೆ. ಕೇಳಲಾರ. ಇಬ್ಬರೂ ಬಸ್‌ಸ್ಟಾಪಿನಲ್ಲಿ ನಿಂತೇ ಇರುತ್ತಾರೆ.

"ಮೊನ್ನಿಯಿಂದ ಇಲ್ಲೇ ನಿಂತಾರ ನೋಡಜ್ಜಿ," ಅಂದಳು. "ನಮ್ಮ ಜಾಲಹಳ್ಳಿ ಬಸ್ಸಾದ್ರೂ ಇಷ್ಟೊತ್ತಿಗೆ ಬರ್ತಿತ್ತು."

"ಅವರಿಗೆ ಬಸ್ಸು ಬೇಕಾಗಿಲ್ಲ."

"ಅದು ನನಗೂ ತಿಳೀತದ ಬಿಡು. ಅದಕ್ಕೇನು ಇಂಗ್ಲಿಷ್ ಬರಬೇಕಾ?"

ಆವತ್ತು ನನಗೆ ನಮ್ಮ ಕಾನ್ವೆಂಟಿನ ಹಾಲ್ ನೆನಪಾಯಿತು. ಶನಿವಾರ ಸಿಸ್ಟರುಗಳು ನಮಗೆ ಸಿನಿಮಾ ತೋರಿಸುತ್ತಿದ್ದರು. ಪ್ರೊಜೆಕ್ಟರ್ ನಡೆಸಲು ಒಬ್ಬ ಯುವಕ ಬರುತ್ತಿದ್ದ. ಒಂದು ರೀಲು ಮುಗಿದು ಇನ್ನೊಂದು ಹಾಕುವ ನಡುವೆ ಬಿಳಿ ಪರದೆ ಖಾಲಿ ಉಳಿಯುತ್ತಿತ್ತಲ್ಲ, ಆಗ ಅವನು ಬೆಳಕಿಗೆ ಕೈ ಅಡ್ಡ ಹಿಡಿದು ನೆರಳಿನ ಪ್ರಾಣಿ ಮಾಡುತ್ತಿದ್ದ. ಪಾರಿವಾಳ, ಮೊಲ, ಒಮ್ಮೆ ಸಿಸ್ಟರ್ ಸುಪೀರಿಯರ್ ಅವರ ಮೂಗು. ನಾವು ನಕ್ಕು ನಕ್ಕು ಬೆಂಚಿನಿಂದ ಬೀಳುತ್ತಿದ್ದೆವು. ನಾನು ಆ ಕೈಗಳನ್ನು ಮನಸ್ಸಿಟ್ಟು ನೋಡಿದೆ. ಮನೆಗೆ ಬಂದು ವಾಟರ್ ಕಲರಿನಲ್ಲಿ ಅವೇ ಕೈಗಳನ್ನು ತೆಗೆದೆ. ಒಂದು ಮಾತೂ ಆಡಿದವರಲ್ಲ ನಾವು. ಪರೀಕ್ಷೆ ಮುಗಿಯಿತು, ದೇವದುರ್ಗಕ್ಕೆ ಕೊಟ್ಟರು, ಹೋದೆ. ಗಂಡ ಕೆಟ್ಟವರಲ್ಲ. ಬಣ್ಣದ ಟ್ಯೂಬುಗಳು ಅಡಿಗೆಮನೆಯ ಗೂಡಿನಲ್ಲಿ ಅರಿಶಿನದ ಡಬ್ಬಿಯ ಹಿಂದೆ ಕಲ್ಲಾದವು. ದಟ್ಸ್ ಆಲ್. ಇಷ್ಟನ್ನು ಹುಡುಗಿಗೆ ಹೇಳಿದೆ. ಆಕೆ ಸಿನಿಮಾ ಮುಂದಕ್ಕೆ ಬಿಡುವುದನ್ನು ಮರೆತು ಕೂತಳು.

ಆಮೇಲೆ ಮೆಲ್ಲಗೆ ಹೇಳಿದಳು, "ಅಜ್ಜಿ, ನಾ ಕಲಬುರಗಿಗೆ ಹೋಗಿ ಚಿತ್ರಕಲಾ ಓದಬೇಕಂತ ಮಾಡೀನಿ. ಅಪ್ಪಗ ನೀ ಹೇಳ್ತಿಯೇನು?"

ಅಪ್ಪನಿಗೆ ಹೇಳಿದರೆ ಮುಗಿಯುವ ಮಾತಾಗಿದ್ದರೆ ಚೆನ್ನಾಗಿತ್ತು. ಆಕೆಯನ್ನು ತೊಟ್ಟಿಲಿಗೆ ಹಾಕಿದ ದಿನ ಸೋದರತ್ತೆ, ಅಂದರೆ ಅಪ್ಪನ ತಂಗಿ, ಕಿವಿಯಲ್ಲಿ ಕುರ್ ಅಂದು ಹೆಸರು ಕರೆದಿದ್ದಳು. ಹಾಗೆ ಕರೆದವಳ ಬೆನ್ನಿಗೆ ನೆರೆದ ಹೆಂಗಸರೆಲ್ಲ ಗುದ್ದುವುದು ನಮ್ಮಲ್ಲಿ ಪದ್ಧತಿ. ನಾನೂ ಗುದ್ದಿದ್ದೆ. ಗುದ್ದು ತಿಂದು ಎದ್ದು ನಿಂತ ಆ ಸೋದರತ್ತೆ, "ಇಷ್ಟು ಹೊಡಿಸಿಕೊಂಡೀನಿ, ಹುಡುಗಿ ನನ್ನ ಮಗನಿಗೇ," ಅಂದಿದ್ದಳು. ಎಲ್ಲರೂ ನಕ್ಕಿದ್ದರು. ಅಂಥ ನಗೆಯ ಮಾತನ್ನು ಆಮೇಲೆ ಯಾರೂ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಆ ಸೋದರತ್ತೆಯನ್ನು ಮಾನ್ವಿಗೆ ಕೊಟ್ಟಿದೆ. ಅವರದು ರೈಸ್ ಮಿಲ್ಲು, ಕುರ್ಡಿ ಕಡೆಯ ಭತ್ತವೆಲ್ಲ ಅಲ್ಲಿಗೇ ಬರುತ್ತದೆ.

ಒಂದು ದಿನ ಆಕೆ ಕಾರಿನಲ್ಲಿ ಬಂದಳು, ಸೋನಾ ಮಸೂರಿಯ ಸಣ್ಣ ಚೀಲ ಹೊರಿಸಿಕೊಂಡು. ನಾನು ಆಕೆಗೆ ದೊಡ್ಡವ್ವ. ಸುತ್ತಿಬಳಸದೆ ಹೇಳಿದೆ, "ಲೆಟ್ ಹರ್ ಗೋ, ತಾಯಿ. ಕಲಬುರಗಿಯಾಗ ಓದಲಿ. ಮದುವಿ ಆಮೇಲೆ ಆಗ್ತದ."

"ದೊಡ್ಡವ್ವ, ನೀನು ಗುದ್ದಿದ್ದು ಇನ್ನಾ ನನ್ನ ಬೆನ್ನಾಗ ನೋಯ್ತದ," ಅಂದು ನಕ್ಕಳು. "ಹೊಡಿಯೋ ಮುಂದ ಹೇಳಬೇಕಿತ್ತಿಲ್ಲ, ಕಲಬುರಗಿ ಅಂತ?"

"ಅದು ತಮಾಷಿ."

"ನಿನಗ ತಮಾಷಿ. ನಿನ್ನ ಕೈಯಾಗ ಉಂಗುರ ಇತ್ತು, ಯವ್ವಾ, ಅದರ ಗುರುತು ಒಂದು ವಾರ ಇತ್ತು."

ಕೆಟ್ಟವಳಲ್ಲ ಆಕೆಯೂ. ಹುಡುಗಿಯ ಚಿತ್ರಗಳನ್ನು ಒಂದೊಂದಾಗಿ ನೋಡಿದಳು. ಎಮ್ಮೆ ನೋಡಿ ತನ್ನ ನಾದಿನಿಯ ಹಾಗೇ ಇದೆ ಅಂದಳು. ಹುಡುಗಿ ಬಾಯಿ ಮುಚ್ಚಿಕೊಂಡು ನಕ್ಕಳು. ಕಡೆಗೆ ಸೋದರತ್ತೆ ಹೇಳಿದಳು, "ಈ ಸುಗ್ಗಿಗೆ ಮಿಲ್ಲಿಗೆ ಹೊಸಾ ಚೀಲ ಮಾಡಸಾಕತ್ತೀವಿ. ಚೀಲದ ಮ್ಯಾಲಿನ ಚಿತ್ರ ನೀನೇ ತೆಗಿ. ಚೆಂದ ಬಂತು, ಮಂದಿ ಒಪ್ಪಿದರು ಅಂದ್ರ ನಿಮ್ಮ ಮಾವಗ ನಾನೇ ಹೇಳ್ತೀನಿ, ಓದ್ಲಿ ಅಂತ. ಸುಮ್ನ ಅಲ್ಲ, ನನ್ನ ಮಾತಂದ್ರ ಮಾತು."

ಅಂದರೆ ಒಂದು ಅಕ್ಕಿ ಚೀಲ ಒಪ್ಪಿಗೆಯಾದರೆ ಕಲಬುರಗಿ. ಇಲ್ಲವಾದರೆ ಮಾನ್ವಿ.

ಹುಡುಗಿ ಊಟ ಬಿಟ್ಟು ಕೂತಳು. ಲಕ್ಷ್ಮಿ, ತೆನೆ, ಬಸವಣ್ಣ ಎಲ್ಲ ಬರೆದು ಹರಿದು ಹಾಕಿದಳು. ಕೊನೆಗೆ ಬಂದದ್ದು ಮೊರ ಹಿಡಿದು ಭತ್ತ ತೂರುತ್ತಿರುವ ಒಬ್ಬ ಹೆಂಗಸು. ನಮಗೆ ಬೆನ್ನು ತಿರುಗಿಸಿ ನಿಂತಿದ್ದಾಳೆ. ಸೆರಗು ಸೊಂಟಕ್ಕೆ ಬಿಗಿದಿದೆ, ತುರುಬಿನಿಂದ ನಾಲ್ಕು ಕೂದಲು ಗಾಳಿಗೆ ಜಾರಿವೆ, ಹೊಟ್ಟು ಹಾರಿ ಚೀಲದ ತುಂಬ ಹೊನ್ನಿನ ಬಣ್ಣ ಹರಡಿದೆ. ನಾನು ಹಾಳೆಯನ್ನು ಓರೆಯಾಗಿ ಹಿಡಿದು ತುಂಡು ತುಂಡಾಗಿ ನೋಡಿದೆ. ಮುಖ ಇಲ್ಲದ ಆ ಹೆಂಗಸು ಯಾರಂತ ಜಾಲಹಳ್ಳಿಯವರು ಯಾರೇ ನೋಡಿದರೂ ಹೇಳುತ್ತಿದ್ದರು. ಹುಡುಗಿಯ ಅವ್ವ. ಕೂಲಿಯವರ ಜೊತೆ ತಾನೂ ಕಣದಲ್ಲಿ ನಿಲ್ಲುವ ಹೆಣ್ಣುಮಗಳು ಅದು.

ಚಿತ್ರವನ್ನು ಕಂಪ್ಯೂಟರಿಗೆ ಏರಿಸಲು ಫ್ಲೆಕ್ಸ್ ಅಂಗಡಿಗೆ ಹೋಗಬೇಕಿತ್ತು. ನಾನೂ ಆಟೋದಲ್ಲಿ ಜೊತೆಗೆ ಹೋದೆ, ಕಾವಲಿಗೆ ಅಂತ ಆಕೆ ತಿಳಿದಿದ್ದರೆ ತಿಳಿದುಕೊಳ್ಳಲಿ. ಸ್ಟೂಲಿನ ಮೇಲೆ ಕೂತೆ. ಹುಡುಗನ ಮುಖ ನನಗೆ ಕಾಣಲಿಲ್ಲ. ಆಕೆಯ ಕಾಲು ಚಪ್ಪಲಿ ಬಿಟ್ಟು ಕುರ್ಚಿಯ ಕಾಲನ್ನು ಸುತ್ತಿಕೊಂಡದ್ದು ಕಂಡಿತು. ಮಾತೆಲ್ಲ ಬಣ್ಣದ ಬಗ್ಗೆ.

"ಹಳದಿ ಜಾಸ್ತಿ ಆತು."

"ಚೀಲದ ಮ್ಯಾಲ ಬಿದ್ರ ಬಣ್ಣ ಕುಡಿತದ ಅದು. ಇನ್ನಷ್ಟು ಬೇಕು."

"ಕೂದಲ ಮುಟ್ಟಬ್ಯಾಡ ನೀ."

"ಮುಟ್ಟವಲ್ಲೆ. ಏನ್ ಕೂದಲ ತೆಗೆದಿ ಮಾರಾಯ್ತಿ, ಗಾಳಿ ಕಾಣ್ತದ ಅದರಾಗ."

ಹಿಂದಿನ ಕೋಣೆಯಲ್ಲಿ ಪ್ರಿಂಟರ್ ಗರಗರ ಅನ್ನುತ್ತಲೇ ಇತ್ತು. ನಾನು ಗೋಡೆಯ ಕಡೆ ತಿರುಗಿ ಕೂತೆ. ಗಾಳಿ ಕಾಣುತ್ತದೆ ಅಂತ ಈ ಜನ್ಮದಲ್ಲಿ ಯಾರಾದರೂ ನಮಗೆ ಹೇಳಿದ್ದರೆ, ಅಷ್ಟು ಸಾಕಿತ್ತೇನೋ.

ಸ್ಯಾಂಪಲ್ ಚೀಲ ಮಾನ್ವಿಗೆ ಹೋಯಿತು. ಸೋದರತ್ತೆಗೆ ಇಷ್ಟವಾಯಿತಂತೆ, ಗಂಡನಿಗೂ. ಆಮೇಲೆ ಅಕ್ಕಿ ಕೊಳ್ಳುವ ವ್ಯಾಪಾರಿಗಳು ಬಂದರು. ಚೀಲ ನೋಡಿದರು, ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹೆಂಗಸು ಬೆನ್ನು ತಿರುಗಿಸಿ ನಿಂತಿದ್ದಾಳೆ, ಅಕ್ಕಿ ಚೀಲದ ಮೇಲೆ. ಅಕ್ಕಿ ಅಂದರೆ ಲಕ್ಷ್ಮಿ. ಲಕ್ಷ್ಮಿ ಮನೆ ಬಿಟ್ಟು ಹೊರಟಿದ್ದಾಳೆ. ಇಂಥ ಚೀಲವನ್ನು ಅಂಗಡಿಯ ಬಾಗಿಲಲ್ಲಿ ಇಡುವವರು ಯಾರು?

ಸೋದರತ್ತೆ ಫೋನ್ ಮಾಡಿದಳು. ದನಿಯಲ್ಲಿ ಗೆದ್ದ ಖುಷಿ ಇರಲಿಲ್ಲ. "ನನಗೂ ಹೊಳೀಲಿಲ್ಲ ನೋಡು ದೊಡ್ಡವ್ವ. ನಿನಗಾದ್ರೂ ಹೊಳೀಬೇಕಿತ್ತಿಲ್ಲ? ಹಿರಿ ಜೀವ."

ನನಗೂ ಹೊಳೆದಿರಲಿಲ್ಲ. ಪ್ರತಿ ಶುಕ್ರವಾರ ಸಂಜೆ ಲಕ್ಷ್ಮಿ ಬರುವ ಹೊತ್ತು ಅಂತ ಮುಂಬಾಗಿಲು ತೆಗೆದಿಡುವ ಮನೆಯವರೇ ನಾವೆಲ್ಲ. ಚಿತ್ರ ಚೆಂದ ಇತ್ತು, ಹೀಗಾಗಿ ಮೈಮರೆತೆವು.

ಹುಡುಗಿ ಇನ್ನೊಂದು ತೆಗೆಯುತ್ತೇನೆ ಅಂದಳು. ಮಾವನಿಗೆ ಪುರಸತ್ತಿರಲಿಲ್ಲ, ಸುಗ್ಗಿ ಹತ್ತಿರ ಬಂದಿತ್ತು. ನೇರ ಫ್ಲೆಕ್ಸ್ ಅಂಗಡಿಗೆ ಫೋನ್ ಹೋಯಿತು. ಮರುದಿನ ಚೀಲ ರೆಡಿ. ಅದೇ ಮೊರ, ಅದೇ ಹೊಟ್ಟು, ಅದೇ ಸೊಂಟ. ಮೇಲೆ ಮಾತ್ರ ಇಂಟರ್ನೆಟ್ಟಿನಿಂದ ತೆಗೆದ ಒಂದು ನಗುಮುಖವನ್ನು ನಮ್ಮ ಕಡೆ ತಿರುಗಿಸಿ ಅಂಟಿಸಿದ್ದ ಆ ಹುಡುಗ. ಮೂಗುತಿ, ಕುಂಕುಮ, ತಲೆಗೆ ಕಿರೀಟ, ಹಿಂದೆ ಪ್ರಭಾವಳಿ. ಗಾಳಿಗೆ ಜಾರಿದ ಕೂದಲು ಕಿರೀಟದ ಕೆಳಗೆ ಹೋಗಿತ್ತು.

ಆಕೆ ಅಂಗಡಿಗೆ ಹೋಗಿ ಬಂದಳು. ಏನಾಯಿತು ಅಂತ ಕೇಳಿದೆ.

"ಏನಿಲ್ಲ. ಕಸ್ಟಮರ್ ಹೇಳಿದಂಗ ಮಾಡೀನಿ ಅಂದ."

"ಮತ್ತೇನಂದ?"

"ನಾ ಏನ್ ಮಾಡ್ಲಿ ನೀನೇ ಹೇಳು ಅಂದ." ಚಪ್ಪಲಿ ಬಿಟ್ಟು ಒಳಗೆ ಬಂದು ನೀರು ಕುಡಿದಳು. "ಖರೇನೇ ಅಲ್ಲಜ್ಜಿ? ಅವನ ಹೊಟ್ಟಿಪಾಡು ಅದು. ಅವನಿಗೆ ಬೈಯಾಕ ನನಗ ಏನೂ ಸಿಗಲಿಲ್ಲ."

ಬೈಯಲು ಏನಾದರೂ ಸಿಕ್ಕಿದ್ದರೆ ಒಳ್ಳೆಯದಿತ್ತು ಅಂತ ಈಗಲೂ ಅನ್ನಿಸುತ್ತದೆ.

ಮಾನ್ವಿಯವರ ಜೊತೆ ನಿಶ್ಚಯ ಆಗುವ ಮೊದಲು ಸಿನಿಮಾ ಮುಗಿಸಿದೆವು. ನಾನೇ ಒತ್ತಾಯ ಮಾಡಿದೆ. ಕೊನೆಯಲ್ಲಿ ಹಾಲಿನ ಹುಡುಗ ಊರು ಬಿಡುತ್ತಾನೆ, ಆದರೆ ಇಬ್ಬರೂ ಸೇರಿ ಮಾಡಿದ ಫಿಲ್ಮು ಶಾಲೆಯ ಗೋಡೆಯ ಮೇಲೆ ಓಡುತ್ತದೆ. ಹುಡುಗಿ ಅಳುತ್ತ ನಗುತ್ತಾಳೆ. ಮುಂದೆ ಏನೋ ಒಂದು ಆಗುತ್ತದೆ ಅಂತ ನಂಬುವಂತೆ ಮ್ಯೂಸಿಕ್ ಏರುತ್ತದೆ. ನಮ್ಮವಳು ಸಾಲುಗಳನ್ನು ಗಟ್ಟಿಯಾಗಿ ಓದಿದಳು, ಅರ್ಥ ಮಾತ್ರ ಕೇಳಲಿಲ್ಲ. ನಾನು ಹೇಳಲು ಹೋದರೆ, "ಇರಲಿ ಬಿಡು," ಅಂದಳು. ಹೆಸರುಗಳು ಮೇಲೆ ಹೋಗತೊಡಗಿದಾಗ ಲ್ಯಾಪ್‌ಟಾಪ್ ಮುಚ್ಚಿ ಕೇಳಿದಳು, "ಆಕಿಗೆ ಸೋದರತ್ತಿ ಇರಲಿಲ್ಲೇನು, ಪೂರಾ ಸಿನಿಮಾದಾಗ?"

ಮದುವೆ ಚೆನ್ನಾಗಿ ಆಯಿತು.

ಮರುವರ್ಷ ಬೇಸಿಗೆ ಕಳೆದು ನಾನು ಮಾನ್ವಿಗೆ ಹೋದೆ. ದೊಡ್ಡ ಮನೆ, ಹಿಂದೆಯೇ ಮಿಲ್ಲು. ತೌಡಿನ ಧೂಳು ತುಳಸಿಯ ಎಲೆಯ ಮೇಲೂ ಕೂತಿರುತ್ತದೆ. ಚೀಲಗಳು ಅಂಗಳದ ತುಂಬ ಒಂದರ ಮೇಲೊಂದು. ಹಮಾಲರು ಬೆನ್ನಿನ ಮೇಲೆ ಹೊತ್ತು ಲಾರಿಗೆ ಹಾಕುತ್ತಿದ್ದರು. ಚೀಲ ಚೆನ್ನಾಗಿ ಓಡುತ್ತಿದೆ ಅಂತ ಸೋದರತ್ತೆ ಹೆಮ್ಮೆಯಿಂದ ಹೇಳಿದಳು. "ಚಿತ್ರ ನಮ್ಮ ಸೊಸಿದು ಅಂತ ಬಂದವರಿಗೆಲ್ಲ ಹೇಳ್ತೀನಿ." ಖರೇ ಹೇಳುತ್ತಾಳೆ. ಹುಡುಗಿ ತಲೆ ತಗ್ಗಿಸಿ ಮಜ್ಜಿಗೆ ತಂದುಕೊಟ್ಟಳು.

ಗಂಡ ಸಾಧು ಹುಡುಗ. ನಾನು ಒಬ್ಬಳೇ ಕೂತಿದ್ದಾಗ ಬಂದು ಪಕ್ಕಕ್ಕೆ ನಿಂತ. "ಅಜ್ಜಿ, ಹೈದರಾಬಾದಿಂದ ಬಣ್ಣದ ಪೆಟ್ಟಿಗಿ ತಂದು ಕೊಟ್ಟೀನ್ರಿ. ಬ್ರಷ್ಷು, ಕ್ಯಾನ್ವಾಸು, ಎಲ್ಲಾ. ಮಾಳಗಿ ಮ್ಯಾಲಿನ ಕೋಣಿ ಖಾಲಿ ಮಾಡಿಸೀನಿ. ಕುಂದ್ರವಲ್ಲಳು. ನೀವಾದ್ರೂ ಹೇಳ್ರಿ ಒಂದ್ ಮಾತು."

ಆಕೆಯನ್ನು ಮಾಳಿಗೆಯ ಕೋಣೆಗೆ ಕರೆದುಕೊಂಡು ಹೋದೆ. ಕಿಟಕಿ ದೊಡ್ಡದು, ಬೆಳಕು ಬೇಕಾದಷ್ಟು. ಪೆಟ್ಟಿಗೆಯ ಸುತ್ತಲಿನ ಪ್ಲಾಸ್ಟಿಕ್ ಕೂಡ ಬಿಚ್ಚಿರಲಿಲ್ಲ.

"ಯಾಕ ತಾಯಿ?" ಅಂದೆ.

ಆಕೆ ಕಿಟಕಿಯ ಸರಳು ಹಿಡಿದು ಕೆಳಗೆ ನೋಡಿದಳು. "ಕೈ ಬರ್ತದಜ್ಜಿ. ಕೈ ಎಲ್ಲೂ ಹೋಗಿಲ್ಲ. ಒಂದು ಗೆರಿ ಎಳಿಯೂದರಾಗ, ಇದಕ್ಕ ಅವರು ಏನಂತಾರ, ಇವರು ಏನಂತಾರ ಅಂತ ಮೊದಲ ಬಂದು ನಿಂತುಬಿಡ್ತದ. ಎಲ್ಲಾರಿಗೂ ನಡಿಯೂವಂಥಾದ್ದು ಒಂದು ತೆಗಿತೀನಿ ಅಂತ ಕುಂದರ್ತೀನಿ. ಅಂಥಾದ್ದು ಯಾವ್ದು ಅಂತ ಹೊಳಿಯವಲ್ದು. ಸುಮ್ನ ಎದ್ದು ಬರ್ತೀನಿ."

"ಯಾರೂ ಏನೂ ಅನ್ನೂದಿಲ್ಲ ಈಗ. ಅವನೇ ತಂದು ಕೊಟ್ಟಾನ."

"ಹೌದು. ಯಾರೂ ಏನೂ ಅನ್ನೂದಿಲ್ಲ," ಅಂದಳು.

ಕೆಳಗಿನಿಂದ ಅತ್ತೆ ಕರೆದಳು, ಲಾರಿಯವರಿಗೆ ಚಹಾ ಕಳಿಸಬೇಕು ಅಂತ. ಹುಡುಗಿ "ಬಂದೆ" ಅಂದು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ನನ್ನ ಕೈ ಹಿಡಿದು ಮೆಟ್ಟಿಲ ತನಕ ಬಂದಳು. ಜ್ವಾಕಿ ಅಜ್ಜಿ, ಇಲ್ಲೊಂದು ಮೆಟ್ಟಲ ಎತ್ತರ ಅದ ಅಂದಳು. ಆಮೇಲೆ ಹಿಂದಕ್ಕೆ ಹೋಗಿ ಕೋಣೆಯ ಬಾಗಿಲನ್ನು ಒಳಗೆ ಧೂಳು ಹೋಗದ ಹಾಗೆ ಒತ್ತಿ ಮುಚ್ಚಿದಳು.