ಬಿಳಿ ಸೋಫಾದ ಫೋಟೊ

ತಂಗಿಗೆ ನಾನು ಹೇಳಿದ ಸುಳ್ಳು ಒಂದು ಫೋಟೊದಿಂದ ಶುರುವಾಯಿತು.

ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳು. ದುಬೈಯ ಮಿರ್ದಿಫ್‌ನ ಒಂದು ವಿಲ್ಲಾದಲ್ಲಿ ಮನೆಗೆಲಸಕ್ಕಿದ್ದೇನೆ. ಮನೆಯವರು ನಮ್ಮ ಮಂಗಳೂರು ಕಡೆಯ ಕ್ರಿಶ್ಚಿಯನ್ನರು, ನನ್ನನ್ನು ಕೆಟ್ಟದಾಗಿ ನಡೆಸಿಕೊಂಡವರಲ್ಲ. ಒಂದು ಈದ್ ರಜೆಯ ದಿನ ಅವರ ಮಗಳು ನನ್ನನ್ನು ಹಾಲ್‌ನ ಬಿಳಿ ಸೋಫಾದ ಮೇಲೆ ಕೂರಿಸಿ, "ಆಂಟಿ, ಸ್ಮೈಲ್" ಎಂದು ಫೋಟೊ ತೆಗೆದಳು. ಅದನ್ನು ತಂಗಿಗೆ ಕಳಿಸಿದೆ. "ನಿನ್ನ ಫ್ಲಾಟಾ ಅಕ್ಕ?" ಎಂದು ಕೇಳಿದಳು. ಹೌದು ಎಂದೆ. ನಾನು ಆಫೀಸಿನಲ್ಲಿದ್ದೇನೆ ಎಂದೇ ಊರಿನಲ್ಲಿ ಎಲ್ಲರೂ ತಿಳಿದಿದ್ದರು. ಬೇರೆಯವರ ಕಾರಿಗೆ ಒರಗಿ, ಬೇರೆಯವರ ಹಾಲ್‌ನಲ್ಲಿ ಕೂತು ಊರಿಗೆ ಫೋಟೊ ಕಳಿಸದವರು ಇಲ್ಲಿ ಕಡಿಮೆ. ನನಗೆ ಅದು ತಪ್ಪು ಅನಿಸಿರಲಿಲ್ಲ.

ತಂಗಿ ನರ್ಸ್. ಯೆಮನ್ನಿನ ಒಂದು ಸಣ್ಣ ಪಟ್ಟಣದ ಆಸ್ಪತ್ರೆಯಲ್ಲಿದ್ದಳು. ಯುದ್ಧವೆಲ್ಲ ದೂರ, ನಮ್ಮಲ್ಲಿ ಏನೂ ಇಲ್ಲ ಎನ್ನುತ್ತಿದ್ದಳು. ಒಂದು ಮಧ್ಯಾಹ್ನ ನಾನು ಇಸ್ತ್ರಿ ಹಾಕುತ್ತಿದ್ದಾಗ ಅವಳ ಫೋನ್ ಬಂತು.

"ಅಕ್ಕ, ಬಂದೂಕು ಹಿಡ್ಕೊಂಡು ಕಪ್ಪು ಬಾವುಟದ ಉಗ್ರರು ಪಕ್ಕದ ಊರಿಗೆ ಬಂದಿದ್ದಾರೆ. ಅಲ್ಲಿನ ಜನ ಎಲ್ಲ ಇಲ್ಲಿಗೆ ಓಡಿ ಬರ್ತಾ ಇದ್ದಾರೆ. ವಾರ್ಡಿನ ನೆಲದಲ್ಲಿ ಸಹ ಜಾಗ ಇಲ್ಲ."

"ನೀನು ಊರಿಗೆ ಹೋಗು ಮಾರಾಯ್ತಿ."

"ಪಾಸ್‌ಪೋರ್ಟ್ ಆಸ್ಪತ್ರೆಯವರ ಹತ್ರ ಉಂಟಲ್ಲ, ಸುಮ್ಮನೆ ಕೊಡುದಿಲ್ಲ ಅವರು. ನೀನೊಂದು ವಿಸಿಟ್ ವಿಸಾ ಮಾಡಿಸಿ ಕಳ್ಸು, ಅದನ್ನು ತೋರಿಸಿದ್ರೆ ಕೊಡ್ತಾರೆ. ವಿಮಾನ ಇನ್ನೂ ಉಂಟು. ನಿನ್ನ ಆ ಹಾಲ್‌ನಲ್ಲಿ ಒಂದು ಮೂಲೆ ಸಾಕು ನಂಗೆ."

ನನ್ನ ಕೈ ಅಲ್ಲೇ ನಿಂತಿತು. ಅಡುಗೆಮನೆಯ ಹಿಂದೆ, ವಾಷಿಂಗ್ ಮೆಷಿನ್ ಪಕ್ಕ, ಕಿಟಕಿಯಿಲ್ಲದ ಕೋಣೆ ನನ್ನದು. ಅವಳು ಬಂದರೆ ಅದನ್ನು ನೋಡುತ್ತಾಳೆ, ನಾನು ಬಾತ್‌ರೂಮ್ ಉಜ್ಜುವುದನ್ನು ನೋಡುತ್ತಾಳೆ.

"ಆ ಕಡೆಯಿಂದ ಬರುವವರಿಗೆ ಈಗ ವಿಸಾ ಬಂದ್ ಮಾಡಿದ್ದಾರೆ" ಎಂದೆ. "ಸ್ವಲ್ಪ ತಡಿ."

"ಕೇಳಿ ನೋಡಿದ್ಯಾ?"

"ಕೇಳಿದೆ."

ನಾನು ಯಾರನ್ನೂ ಕೇಳಿರಲಿಲ್ಲ. ಫೋನ್ ಇಡುವಷ್ಟರಲ್ಲಿ ಸಾರ್ ಅವರ ಶರ್ಟಿನ ಕಾಲರ್ ಸುಟ್ಟಿತ್ತು. ಸಂಜೆ ಮೇಡಂ ಅದನ್ನು ಹಿಡಿದುಕೊಂಡು ಬಂದರು.

"ಎಂತ ಆಯ್ತು ನಿಂಗೆ? ಇದನ್ನು ಅವರು ಆಫೀಸಿಗೆ ಹಾಕುದಾ, ಗ್ಯಾರೇಜಿಗಾ?"

"ತಂಗಿ ಫೋನ್ ಮಾಡಿದ್ಲು ಮೇಡಂ."

"ಹುಷಾರಿದ್ದಾಳಲ್ಲ? ಎಂತಾದ್ರೂ ಬೇಕಾದ್ರೆ ಹೇಳು. ಬಾಯಿ ಮುಚ್ಚಿ ಕೂರ್ಬೇಡ."

"ಎಂತ ಇಲ್ಲ ಮೇಡಂ."

ತಂಗಿಯ ವಿಸಾಕ್ಕೆ ಕೇಳಿದ್ದರೆ, ಹೆಚ್ಚೆಂದರೆ ಅವರು ಆಗುವುದಿಲ್ಲ ಎನ್ನುತ್ತಿದ್ದರು. ಅಷ್ಟೇ.

ಎಂಟು ದಿನಕ್ಕೆ ತಂಗಿಯಿದ್ದ ಪಟ್ಟಣವೇ ಖಾಲಿಯಾಯಿತು. ಹಾಸಿಗೆ, ಒಲೆ, ಆಡು, ಮುದುಕರು, ಎಲ್ಲ ಒಂದೇ ಬೆಳಿಗ್ಗೆ ರಸ್ತೆಗಿಳಿದವಂತೆ. ಒಬ್ಬ ತನ್ನ ಮನೆಯ ಬಾಗಿಲನ್ನೇ ಕಳಚಿ ಬೆನ್ನಿಗೆ ಕಟ್ಟಿಕೊಂಡಿದ್ದನಂತೆ. ಆಸ್ಪತ್ರೆಯ ಆಫೀಸಿನವನು ಬೀರುವಿಗೆ ಬೀಗ ಹಾಕಿ ಮೊದಲೇ ಓಡಿಹೋಗಿದ್ದ. ಪಾಸ್‌ಪೋರ್ಟ್ ಒಳಗೇ ಉಳಿಯಿತು. ಹಿಂದಿನ ದಿನವಷ್ಟೇ ಹೆತ್ತ ಒಬ್ಬಳ ಜೊತೆ, ಅವಳ ಸಲೈನ್ ಬಾಟಲಿಯನ್ನು ಎತ್ತಿ ಹಿಡಿದುಕೊಂಡು ತಂಗಿ ಮೂರು ದಿನ ನಡೆದಳು. ಇದೆಲ್ಲ ನನಗೆ ಗೊತ್ತಾದದ್ದು ಇಪ್ಪತ್ತೆರಡು ದಿನ ಕಳೆದು, ಯಾರದೋ ಫೋನಿನಿಂದ ಅವಳು ಮಾತಾಡಿದಾಗ.

ಈಗ ಹನ್ನೊಂದು ತಿಂಗಳಾಯಿತು. ಅವಳು ಆ ಜನರ ಜೊತೆ ಡೇರೆಯಲ್ಲಿದ್ದಾಳೆ, ಅಲ್ಲೇ ರೋಗಿಗಳನ್ನು ನೋಡಿಕೊಳ್ಳುತ್ತಾಳೆ. ಹೊಸ ಕಾಗದಪತ್ರ ಬೇರೆ ದೇಶದಲ್ಲಿರುವ ನಮ್ಮ ರಾಯಭಾರ ಕಚೇರಿಯಿಂದ ಬರಬೇಕು. ಕೇಳಿದಾಗಲೆಲ್ಲ ಮುಂದಿನ ತಿಂಗಳು ಎನ್ನುತ್ತಾರೆ. "ಇವರಿಗೆ ಹಿಂದೆ ಹೋಗ್ಲಿಕ್ಕೆ ಊರಿಲ್ಲ, ನಂಗೆ ಮುಂದೆ ಹೋಗ್ಲಿಕ್ಕೆ ಕಾಗದ ಇಲ್ಲ" ಎನ್ನುತ್ತಾಳೆ.

ಹೋದ ವಾರ ಅವಳೇ ಫೋನ್ ಮಾಡಿದಳು.

"ಅಕ್ಕ, ಆ ಸೋಫಾದ ಫೋಟೊ ಇನ್ನೊಮ್ಮೆ ಕಳ್ಸು. ಹಳೆ ಫೋನಿನೊಟ್ಟಿಗೆ ಹೋಯ್ತು. ಇಲ್ಲಿಯ ಹೆಂಗಸರಿಗೆ ನಿನ್ನ ಮನೆ ನೋಡ್ಬೇಕಂತೆ. ಅಷ್ಟು ದೊಡ್ಡ ಮನೆಯ ಅಕ್ಕ ಇದ್ದೂ ನೀನು ನಮ್ಮ ಡೇರೆಯಲ್ಲಿ ಎಂತ ಮಾಡ್ತೀ ಅಂತ ತಮಾಷೆ ಮಾಡ್ತಾರೆ."

ಹೇಳಿ ತಾನೂ ನಕ್ಕಳು. ನನಗೆ ನಗಲಾಗಲಿಲ್ಲ.

ಆ ಫೋಟೊ ಈಗಲೂ ನನ್ನ ಫೋನಿನಲ್ಲಿದೆ. ಕಳಿಸಲಿಲ್ಲ. ನನ್ನ ಕೋಣೆಗೆ ಹೋಗಿ, ವಾಷಿಂಗ್ ಮೆಷಿನ್‌ಗೆ ಬೆನ್ನು ಒತ್ತಿ ನಿಂತು, ಮಂಚ, ಇಸ್ತ್ರಿ ಹಲಗೆ, ಮೊಳೆಗೆ ನೇತುಹಾಕಿದ ಏಪ್ರನ್ ಎಲ್ಲ ಕಾಣುವಂತೆ ಫೋಟೊ ತೆಗೆದೆ. ಕೆಳಗೆ ಬರೆದೆ: "ನನ್ನ ಮನೆ ಇದು. ವಿಸಾ ಬಂದ್ ಆಗಿದೆಯಾ ಅಂತ ನಾನು ಯಾರನ್ನೂ ಕೇಳಿರಲಿಲ್ಲ."

ಎರಡು ನೀಲಿ ಟಿಕ್ ಬಿದ್ದವು. ಮರುದಿನ ತರಕಾರಿ ಹೆಚ್ಚುತ್ತಿದ್ದಾಗ ಒಂದು ಸಾಲು ಬಂತು.

"ಮಂಚದ ಅಡಿಯಲ್ಲಿ ಜಾಗ ಇತ್ತಲ್ಲ ಅಕ್ಕ."

ಕೋಣೆಗೆ ಹೋಗಿ ಬಗ್ಗಿ ನೋಡಿದೆ. ಅಲ್ಲಿ ಮೇಡಂ ಅವರ ಎರಡು ಹಳೆಯ ಸೂಟ್‌ಕೇಸ್‌ಗಳಿದ್ದವು. ಎಳೆದು ಹೊರಗಿಟ್ಟೆ. ಒಬ್ಬರು ಕಾಲು ಚಾಚಿ ಮಲಗಬಹುದಿತ್ತು.